ಬಣ್ಣದ ನೀರೂ ಬೆಳೆಯ ಹೊಟ್ಟೂ

ಬಿಟಿಎಂ ಲೇಔಟ್ ಎಂಬ ಹೆಸರನ್ನು ಬಸ್ಸಿನ ಫಲಕದ ಮೇಲೆ ದಿನವೂ ಓದುವವರು ಸಾವಿರಾರು ಮಂದಿ. ಅದನ್ನು ಬಿಡಿಸಿ ಹೇಳಬಲ್ಲವರು ವಿರಳ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಹೆಸರುಗಳು ಇಂಗ್ಲಿಷಿನ ಮೂರು ಅಕ್ಷರಗಳೊಳಗೆ ಅಡಗಿ ಕುಳಿತಿವೆ. ‘ಸಂದ್ರ’ ಎಂಬುದು ‘ಸಮುದ್ರ’ ಎಂಬ ಮಾತು ಬಾಯಲ್ಲಿ ಸವೆದು ಆದ ರೂಪ. ದೊಡ್ಡ ಕೆರೆಯನ್ನು ಸಮುದ್ರವೆಂದು ಕರೆಯುವುದು ನಮ್ಮ ಹಿರಿಯರ ವಾಡಿಕೆಯಾಗಿತ್ತು. ತಾವರೆಕೆರೆಗೆ ವಿವರಣೆ ಬೇಕಿಲ್ಲ. ಮಡಿವಾಳದ ಸೋಮೇಶ್ವರ ದೇವಾಲಯದ ಗೋಡೆಯ ಮೇಲಿನ ತಮಿಳು ಶಾಸನಗಳಲ್ಲಿ 1247ರಷ್ಟು ಹಳೆಯದು ಒಂದುಂಟು; ಅಲ್ಲಿಯ ಇನ್ನೊಂದು ಶಾಸನದಲ್ಲಿ ಬರುವ ‘ತಾಮರೈಕ್ಕಿರೈ’ ಎಂಬುದು ಈ ತಾವರೆಕೆರೆಯೇ ಎಂದು ಇತಿಹಾಸಜ್ಞರು ಗುರುತಿಸಿದ್ದಾರೆ. ಇನ್ನು ‘ಮಡಿವಾಳ’ ಎಂದರೆ ಬಟ್ಟೆಯನ್ನು ಒಗೆದು ಮಡಿ ಮಾಡುವವನು. ಹನ್ನೆರಡನೆಯ ಶತಮಾನದ ಶರಣ ಮಾಚಿದೇವರ ಹೆಸರಿನೊಡನೆ ಸೇರಿ ಕನ್ನಡಿಗರ ಪಾಲಿಗೆ ಪೂಜ್ಯವಾದ ಪದ ಅದು.

ಹೀಗೆ ಮೂರು ಹೆಸರುಗಳಲ್ಲಿ ಎರಡು ಕೆರೆಯನ್ನು ಹೇಳುತ್ತವೆ, ಮೂರನೆಯದು ಒಗೆಯುವ ಕಾಯಕವನ್ನು ಹೇಳುತ್ತದೆ. ಬಟ್ಟೆಯ ಕೊಳೆಯನ್ನು ನೀರಿನಿಂದ ಒಗೆಯುತ್ತೇವೆ, ಸರಿ. ನೀರಿಗೇ ಕೊಳೆ ಹತ್ತಿದರೆ ಅದನ್ನು ಏತರಿಂದ ಒಗೆಯುವುದು? ಅದರಲ್ಲಿಯೂ ಬಟ್ಟೆಗೆ ಬಣ್ಣ ಕಟ್ಟಿದ ಮೇಲೆ ಉಳಿದ ನೀರನ್ನು, ಕೆಂಪಾಗಿಯೋ ನೀಲಿಯಾಗಿಯೋ ಮೋರಿಗೆ ಇಳಿಯುವ ನೀರನ್ನು, ತಿಳಿ ಮಾಡುವ ಬಗೆ ಯಾವುದು? ಈ ಪ್ರಶ್ನೆಗೆ ಕಳೆದ ಐವತ್ತು ವರ್ಷಗಳಿಂದ ವಿಜ್ಞಾನಿಗಳು ಕೊಡುತ್ತ ಬಂದಿರುವ ಒಂದು ಉತ್ತರ ಕೇಳಲು ಸೋಜಿಗವಾಗಿದೆ: ಭತ್ತದ ಹೊಟ್ಟು, ತೆಂಗಿನ ನಾರಿನ ಪುಡಿ, ಬಾಳೆಯ ದಿಂಡು, ಕಡಲೆಕಾಯಿಯ ಸಿಪ್ಪೆ. ರೈತನು ತೂರಿ ಬಿಟ್ಟದ್ದೇ ನೀರಿನ ಬಣ್ಣವನ್ನು ಹಿಡಿಯಬಲ್ಲದೆಂದು ಅವರು ತೋರಿಸಿದ್ದಾರೆ. ಈ ಉತ್ತರ ಹೇಗೆ ಹುಟ್ಟಿತು, ಎಷ್ಟು ನಿಜ, ಎಲ್ಲಿ ಸೋತಿತು ಎಂಬುದನ್ನು ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ಮೊದಲು ಬಣ್ಣದ ಕಥೆಯನ್ನು ನೋಡೋಣ. 1800ರ ಮೇ ತಿಂಗಳಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಬೆಂಗಳೂರಿಗೆ ಬಂದನು. ಟಿಪ್ಪು ಸುಲ್ತಾನನು ಮಡಿದು ಆಗ ಒಂದು ವರ್ಷವಾಗಿತ್ತು. ಹೊಸದಾಗಿ ಕೈವಶವಾದ ಸೀಮೆಯ ಬೆಳೆ, ಕಸುಬು, ವ್ಯಾಪಾರಗಳನ್ನು ಕಂಡು ಬರೆಯಬೇಕೆಂದು ಗವರ್ನರ್ ಜನರಲ್ ವೆಲ್ಲೆಸ್ಲಿಯು ಅವನಿಗೆ ಅಪ್ಪಣೆ ಮಾಡಿದ್ದನು. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಹೊರಬಂದ ಅವನ ಪ್ರವಾಸಗ್ರಂಥದಲ್ಲಿ ಬೆಂಗಳೂರಿನ ನೇಕಾರರೂ ಬಣ್ಣಗಾರರೂ ವಿಸ್ತಾರವಾಗಿ ಬರುತ್ತಾರೆ. ರೇಷ್ಮೆಯನ್ನು ನೇಯುತ್ತಿದ್ದ ಪಟ್ಟೇಗಾರರು ಮುಂತಾದವರ ಕೆಲಸವನ್ನೂ ಅವರು ನೂಲಿಗೆ ಬಣ್ಣ ಕಟ್ಟುವ ಕ್ರಮವನ್ನೂ ಅವನು ವಿಚಾರಿಸಿ ಬರೆದುಕೊಂಡನು. ಆ ಬಣ್ಣಗಳೆಲ್ಲ ಹೊಲದಿಂದಲೋ ಕಾಡಿನಿಂದಲೋ ಬಂದವು. ನೀಲಿಯ ಗಿಡದಿಂದ ನೀಲಿ, ಮದ್ದಿಯ ಚಕ್ಕೆಯಿಂದ ಕೆಂಪು, ಅರಗಿನಿಂದ ಕಿರಮಂಜಿ, ಅರಿಶಿನದಿಂದ ಹಳದಿ. ಬಣ್ಣವು ನೂಲಿಗೆ ಕಚ್ಚಿ ನಿಲ್ಲಬೇಕಾದರೆ ಒಗರು ಬೇಕು. ಅದಕ್ಕೆ ಪಟಿಕವೂ ಅಳಲೆಕಾಯಿಯೂ ಇದ್ದವು.

ಹಳೆಯ ಕಾಲದ ಬಣ್ಣದ ನೀರು ಗಂಗೆಯಷ್ಟು ಪವಿತ್ರವಾಗಿತ್ತೆಂದು ಭಾವಿಸಬೇಕಾದ್ದಿಲ್ಲ. ಸುಣ್ಣ, ಚೌಳು, ಪಟಿಕಗಳು ಆಗಲೂ ನೀರನ್ನು ಕೆಡಿಸುತ್ತಿದ್ದವು. ನೀಲಿಯನ್ನು ಕೊಳೆಹಾಕುವ ತೊಟ್ಟಿಯ ನಾತವನ್ನು ಸಹಿಸಿದವರೇ ಬಲ್ಲರು. ಆದರೆ ಅಂದಿನ ಕೆಲಸ ಹಂಡೆಯ ಲೆಕ್ಕದ್ದು. ಚೆಲ್ಲಿದ ನೀರಿನಲ್ಲಿ ಇದ್ದ ಬಣ್ಣವು ಸಸ್ಯದಿಂದ ಬಂದದ್ದಾದುದರಿಂದ ಮಣ್ಣಿನ ಸೂಕ್ಷ್ಮಜೀವಿಗಳಿಗೆ ಪರಿಚಿತವಾದ ಆಹಾರವಾಗಿತ್ತು. ಕಾಲಕ್ರಮದಲ್ಲಿ ಅದು ಮಣ್ಣಿನಲ್ಲಿ ಮಣ್ಣಾಗುತ್ತಿತ್ತು.

ಸಸ್ಯದಿಂದ ನೀರನ್ನು ತಿಳಿಗೊಳಿಸುವ ವಿದ್ಯೆಯೂ ನಮಗೆ ಹೊಸದಲ್ಲ. ಸಂಸ್ಕೃತದಲ್ಲಿ ಕತಕವೆಂದೂ ಕನ್ನಡದಲ್ಲಿ ಚಿಲ್ಲವೆಂದೂ ಹೆಸರಾದ ಮರದ ಬೀಜವನ್ನು ಮಡಕೆಯ ಒಳಮೈಗೆ ತೇಯ್ದು ಕಲಕು ನೀರನ್ನು ತುಂಬಿಟ್ಟರೆ ಮಣ್ಣು ತಳಕ್ಕೆ ಕೂರುತ್ತದೆ. ಮನುಸ್ಮೃತಿಯ ಆರನೆಯ ಅಧ್ಯಾಯದಲ್ಲಿ ಈ ಕಾಯಿಯ ದೃಷ್ಟಾಂತ ಬರುತ್ತದೆ. ಅದರ ಹೆಸರನ್ನು ಉಚ್ಚರಿಸಿದ ಮಾತ್ರಕ್ಕೆ ನೀರು ತಿಳಿಯಾಗುವುದಿಲ್ಲ, ಬಳಸಿದರೆ ಮಾತ್ರ ಆಗುತ್ತದೆ ಎಂಬುದು ಅಲ್ಲಿಯ ತಾತ್ಪರ್ಯ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಮುಂದೆ ಇದರ ಪ್ರಯೋಜನ ಬೀಳುತ್ತದೆ. ಆದರೆ ಕತಕವು ನೀರಿನಲ್ಲಿ ತೇಲುವ ಮಣ್ಣಿನ ಕಣಗಳನ್ನು ಒಂದುಗೂಡಿಸಿ ಕೆಳಗಿಳಿಸುತ್ತದೆ. ಸಕ್ಕರೆಯಂತೆ ಕರಗಿಹೋದ ಬಣ್ಣದ ಮೇಲೆ ಅದರ ಆಟ ಹೆಚ್ಚಾಗಿ ನಡೆಯದು. ಅದಕ್ಕೆ ಬೇರೆ ಉಪಾಯ ಬೇಕು.

1856ರಲ್ಲಿ ಬಣ್ಣದ ಚರಿತ್ರೆಯೇ ಮಗ್ಗುಲು ಬದಲಿಸಿತು. ಲಂಡನ್ನಿನಲ್ಲಿ ವಿಲಿಯಂ ಪರ್ಕಿನ್ ಎಂಬ ಹದಿನೆಂಟು ವರ್ಷದ ಹುಡುಗನು ಮಲೇರಿಯಕ್ಕೆ ಮದ್ದಾದ ಕ್ವಿನೈನನ್ನು ಪ್ರಯೋಗಶಾಲೆಯಲ್ಲಿ ಮಾಡಲು ಹೊರಟು, ಕಲ್ಲಿದ್ದಲಿನ ಡಾಂಬರಿನಿಂದ ತೆಗೆದ ಪದಾರ್ಥದಲ್ಲಿ ನೇರಳೆ ಬಣ್ಣವನ್ನು ಕಂಡನು. 1869ರ ಹೊತ್ತಿಗೆ ಮಂಜಿಷ್ಠದ ಬೇರಿನ ಕೆಂಪನ್ನೂ ಡಾಂಬರಿನಿಂದಲೇ ಮಾಡುವುದು ಸಾಧ್ಯವಾಯಿತು. 1876ರಲ್ಲಿ ಮೆಥಿಲೀನ್ ನೀಲಿ, ಮರುವರ್ಷ ಮಾಲಕೈಟ್ ಹಸಿರು, 1884ರ ವೇಳೆಗೆ ಒಗರಿನ ಹಂಗಿಲ್ಲದೆ ಹತ್ತಿಗೆ ಹತ್ತುವ ಕಾಂಗೋ ಕೆಂಪು. 1897ರಲ್ಲಿ ಜರ್ಮನಿಯ ಬಿಎಎಸ್ಎಫ್ ಕಾರ್ಖಾನೆಯು ಕೃತಕ ನೀಲಿಯನ್ನು ಮಾರುಕಟ್ಟೆಗೆ ತಂದಾಗ ನಮ್ಮ ದೇಶದ ನೀಲಿಯ ಬೇಸಾಯಕ್ಕೆ ಸಂಚಕಾರ ಬಂತು. ಬೆಂಗಳೂರಿನಲ್ಲಿ ಮುಂದೆ ಬಿನ್ನಿ ಮಿಲ್ಲೆಂದು ಪ್ರಸಿದ್ಧವಾದ ಉಣ್ಣೆ, ಹತ್ತಿ, ರೇಷ್ಮೆಯ ಗಿರಣಿಯು 1884ರಲ್ಲಿ ಪ್ರಾರಂಭವಾದದ್ದು ಇದೇ ಕಾಲದಲ್ಲಿ. ಹಂಡೆಯ ಲೆಕ್ಕ ಹೋಗಿ ಕೊಳಾಯಿಯ ಲೆಕ್ಕ ಬಂದಿತು.

ಕೃತಕ ಬಣ್ಣದ ಹೆಚ್ಚುಗಾರಿಕೆ ಏನು? ಬಿಸಿಲಿಗೆ ಮಾಸದು, ಸಾಬೂನಿಗೆ ಬಿಡದು, ಬೆವರಿಗೆ ಕೆಡದು. ಸೀರೆಯನ್ನು ಕೊಳ್ಳುವ ಗೃಹಿಣಿಯು ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆಯೇ “ಬಣ್ಣ ಹೋಗುವುದಿಲ್ಲವಷ್ಟೆ?” ಎಂದು. ಹೋಗುವುದಿಲ್ಲ ಎಂಬ ಭರವಸೆಯನ್ನು ರಸಾಯನ ವಿಜ್ಞಾನಿಗಳು ಸಾಧಿಸಿಕೊಟ್ಟರು. ಆದರೆ ಬಟ್ಟೆಯ ಮೇಲೆ ಗುಣವಾದದ್ದೇ ನೀರಿನಲ್ಲಿ ದೋಷವಾಯಿತು. ಬಿಸಿಲಿಗೂ ಸಾಬೂನಿಗೂ ಜಗ್ಗದ ಪದಾರ್ಥವು ಕೆರೆಯ ಬಿಸಿಲಿಗೆ, ಮಣ್ಣಿನ ಸೂಕ್ಷ್ಮಜೀವಿಗೆ ಸುಲಭವಾಗಿ ಜಗ್ಗೀತೆ? 1956ರಲ್ಲಿ ಇಂಗ್ಲೆಂಡಿನ ಐಸಿಐ ಸಂಸ್ಥೆಯು ಹತ್ತಿಯ ನೂಲಿನೊಡನೆ ರಾಸಾಯನಿಕವಾಗಿಯೇ ಬೆಸೆದುಕೊಳ್ಳುವ ಹೊಸ ವರ್ಗದ ಬಣ್ಣಗಳನ್ನು ಮಾರಾಟಕ್ಕೆ ತಂದಿತು. ಇಂದು ನಾವು ತೊಡುವ ಹತ್ತಿಯ ಅಂಗಿಗಳಲ್ಲಿ ಹಲವಕ್ಕೆ ಈ ವರ್ಗದ ಬಣ್ಣವೇ. ಇವುಗಳಲ್ಲಿ ನೂಲಿಗೆ ಬೆಸೆಯದೆ ನೀರಿನಲ್ಲಿ ಉಳಿದುಬಿಡುವ ಭಾಗವು ಹತ್ತರಲ್ಲಿ ಒಂದರಿಂದ ಹಿಡಿದು ಕೆಲವೊಮ್ಮೆ ಅರ್ಧದವರೆಗೂ ಇರುವುದುಂಟು. ಜೊತೆಗೆ ಬಣ್ಣವನ್ನು ನೂಲಿನ ಕಡೆಗೆ ನೂಕುವುದಕ್ಕಾಗಿ ಹೇರಳವಾಗಿ ಉಪ್ಪನ್ನು ಬಳಸುತ್ತಾರೆ. ಆ ಉಪ್ಪೆಲ್ಲವೂ ಹೊರಹೋಗುವ ನೀರಿನಲ್ಲೇ.

ಕೊಳಚೆಯನ್ನು ಶುದ್ಧಿಮಾಡುವ ಆಧುನಿಕ ವಿಧಾನಕ್ಕೂ ಬೆಂಗಳೂರಿಗೂ ಒಂದು ಹಳೆಯ ನಂಟುಂಟು. ಗಾಳಿಯನ್ನು ಊದಿ ಸೂಕ್ಷ್ಮಜೀವಿಗಳಿಂದ ಕೊಳಚೆಯನ್ನು ತಿನ್ನಿಸುವ ಕ್ರಮವನ್ನು 1914ರಲ್ಲಿ ಮ್ಯಾಂಚೆಸ್ಟರಿನಲ್ಲಿ ಆರ್ಡನ್, ಲಾಕೆಟ್ ಎಂಬ ಇಬ್ಬರು ಪ್ರಕಟಿಸಿದರು. ಅವರಿಗೆ ದಾರಿ ತೋರಿದ ಗಿಲ್ಬರ್ಟ್ ಫೌಲರ್ 1916ರಲ್ಲಿ ನಮ್ಮ ಭಾರತೀಯ ವಿಜ್ಞಾನ ಮಂದಿರಕ್ಕೆ ಪ್ರಾಧ್ಯಾಪಕನಾಗಿ ಬಂದು ಇಲ್ಲಿ ಹಲವು ವರ್ಷ ಕೆಲಸ ಮಾಡಿದನು. ಇಂದು ಊರೂರಿನ ಕೊಳಚೆ ಶುದ್ಧೀಕರಣ ಘಟಕಗಳು ಬಹುಮಟ್ಟಿಗೆ ಈ ತತ್ತ್ವದ ಮೇಲೆಯೇ ನಡೆಯುತ್ತಿವೆ. ಅಡಿಗೆಮನೆಯ, ಬಚ್ಚಲ ನೀರಿಗೆ ಇದು ಒಳ್ಳೆಯ ಮದ್ದು. ಕೃತಕ ಬಣ್ಣಗಳಲ್ಲಿ ಎಷ್ಟೋ ಬಗೆಯವು ಮಾತ್ರ ಈ ಸೂಕ್ಷ್ಮಜೀವಿಗಳ ಬಾಯಿಗೆ ಹಿಡಿಸುವುದಿಲ್ಲ. ಗಾಳಿಯಿಲ್ಲದ ಕಡೆ ಕೆಲವು ಮುರಿಯುತ್ತವೆ. ಆದರೆ ಮುರಿದ ತುಂಡುಗಳಲ್ಲಿ ಮೊದಲಿನ ಬಣ್ಣಕ್ಕಿಂತ ಹೆಚ್ಚು ವಿಷವಾದವೂ ಇರುವುದುಂಟು.

ಆದ್ದರಿಂದ ವಿಜ್ಞಾನಿಗಳು ಇನ್ನೂ ಹಳೆಯದೊಂದು ವಿದ್ಯೆಯ ಕಡೆ ತಿರುಗಿದರು. ಅದು ಇದ್ದಲಿನ ವಿದ್ಯೆ. ಇದ್ದಲು ಗಾಳಿಯ ಅನಿಲಗಳನ್ನು ಹಿಡಿದಿಟ್ಟುಕೊಳ್ಳುವುದೆಂಬುದನ್ನು 1773ರಲ್ಲಿ ಸ್ವೀಡನ್ನಿನ ಶೀಲೆ ಕಂಡನು. 1785ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಲೋವಿಟ್ಜ್ ಎಂಬ ಔಷಧಿಕಾರನು ಕಂದು ಬಣ್ಣದ ದ್ರಾವಣವು ಇದ್ದಲಿನ ಸಂಪರ್ಕದಿಂದ ನಿರ್ವರ್ಣವಾಗುವುದನ್ನು ಗಮನಿಸಿದನು. ಸಕ್ಕರೆಯ ಕಾರ್ಖಾನೆಯವರು ಇದನ್ನು ಬಿಡುತ್ತಾರೆಯೆ? ಹತ್ತೊಂಬತ್ತನೆಯ ಶತಮಾನದ ಆರಂಭಕ್ಕೆ ಯೂರೋಪಿನಲ್ಲಿ ಇದ್ದಲಿನಿಂದಲೂ, 1811ರಲ್ಲಿ ಫಿಗಿಯೆ ಎಂಬುವನು ತೋರಿಸಿಕೊಟ್ಟ ಮೂಳೆಯ ಕರಿಯಿಂದಲೂ, ಸಕ್ಕರೆಯ ಪಾಕವನ್ನು ಬೆಳ್ಳಗೆ ಮಾಡುವುದು ರೂಢಿಯಾಯಿತು. ಮೊದಲನೆಯ ಮಹಾಯುದ್ಧದಲ್ಲಿ ವಿಷಾನಿಲದಿಂದ ಸಿಪಾಯಿಗಳನ್ನು ಕಾಪಾಡಿದ ಮುಖವಾಡಗಳಲ್ಲಿ ತುಂಬಿದ್ದು ತೆಂಗಿನ ಚಿಪ್ಪಿನ ಇದ್ದಲು. ನಾವು ಒಲೆಗೆ ಹಾಕಿ ಮರೆತ ಚಿಪ್ಪು ಅಲ್ಲಿ ಪ್ರಾಣರಕ್ಷಕವಾಯಿತು.

ಇದ್ದಲಿನ ಮಹಿಮೆ ಎಲ್ಲಿದೆ? ಬಟ್ಟೆ ನೀರನ್ನು ಕುಡಿದಂತೆ ಇದ್ದಲು ಬಣ್ಣವನ್ನು ಒಳಗೆ ಕುಡಿಯುವುದಿಲ್ಲ. ತನ್ನ ಮೇಲ್ಮೈಗೆ ಅಂಟಿಸಿಕೊಳ್ಳುತ್ತದೆ. ಇದನ್ನು ನಮ್ಮ ಪಠ್ಯಪುಸ್ತಕಗಳು ‘ಅಧಿಶೋಷಣೆ’ ಎನ್ನುತ್ತವೆ. ‘ಅಧಿ’ ಎಂದರೆ ಮೇಲೆ. ಉಪಸರ್ಗವೇ ಅರ್ಥವನ್ನು ಹೇಳುತ್ತದೆ. ಹದವಾಗಿ ಸುಟ್ಟು, ಹಬೆ ಹಾಯಿಸಿಯೋ ಆಮ್ಲ ಮುಂತಾದವುಗಳಿಂದಲೋ ಚುರುಕುಗೊಳಿಸಿದ ಇದ್ದಲಿನಲ್ಲಿ ಕಣ್ಣಿಗೆ ಕಾಣದ ಗೂಡುಗಳು ಅಸಂಖ್ಯಾತ. ಅವುಗಳ ಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ ಒಂದೇ ಒಂದು ಗ್ರಾಂ ಇದ್ದಲಿಗೆ ಸಾವಿರ ಚದರ ಮೀಟರಿನಷ್ಟು ಮೈ ಇರುವುದುಂಟು. ರೈತರ ಲೆಕ್ಕದಲ್ಲಿ ಹೇಳುವುದಾದರೆ ಅದು ಹತ್ತು ಗುಂಟೆ; ಬೆಂಗಳೂರಿಗರ ಲೆಕ್ಕದಲ್ಲಿ ಮೂವತ್ತಕ್ಕೆ ನಲವತ್ತರ ಒಂಬತ್ತು ನಿವೇಶನ. ಚಿಟಿಕೆ ಪುಡಿಯಲ್ಲಿ ಒಂಬತ್ತು ಸೈಟು ಅಡಗಿದೆಯೆಂದ ಮೇಲೆ ಬಣ್ಣದ ಅಣುಗಳು ಬಂದು ನೆಲಸಲು ಸ್ಥಳಕ್ಕೆ ಬರವೇನು?

ತೊಡಕು ಇದ್ದುದು ಬೆಲೆಯಲ್ಲಿ. ಚುರುಕುಗೊಳಿಸಿದ ಇದ್ದಲು ಅಗ್ಗದ ಸರಕಲ್ಲ. ದೊಡ್ಡ ಗಿರಣಿ ಕೊಂಡೀತು. ಎರಡು ತೊಟ್ಟಿಯಿಟ್ಟುಕೊಂಡು ನೂಲಿಗೆ ಬಣ್ಣ ಹಾಕುವ ಬಡ ಬಣ್ಣಗಾರನು ಹೇಗೆ ಕೊಂಡಾನು? ಈ ಕಾರಣದಿಂದ ಅಗ್ಗವಾದ ಪದಾರ್ಥಗಳ ಹುಡುಕಾಟ ಮೊದಲಾಯಿತು. 1976ರಲ್ಲಿ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದ ಪೂಟ್ಸ್, ಮೆಕೇ, ಹೀಲಿ ಎಂಬ ಮೂವರು, ತಮ್ಮ ನಾಡಿನ ಜೌಗುನೆಲದಲ್ಲಿ ಸಿಗುವ ಪೀಟ್ ಎಂಬ ಅರೆಕೊಳೆತ ಸಸ್ಯಮಣ್ಣಿನಿಂದಲೂ ಮರದ ಪುಡಿಯಿಂದಲೂ ಬಣ್ಣದ ನೀರನ್ನು ತಿಳಿಗೊಳಿಸಿದ ವಿವರಗಳನ್ನು ಪ್ರಕಟಿಸಿದರು. ಅವರವರ ನಾಡಿನ ಕಸ ಅವರವರಿಗೆ ಕಂಡಿತು. ಈಜಿಪ್ಟಿನವರಿಗೆ ಭತ್ತದ ಹೊಟ್ಟು ಕಂಡಿತು. ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಮುಂದಾದವರಲ್ಲಿ ಕೊಯಮತ್ತೂರಿನ ಭಾರತಿಯಾರ್ ವಿಶ್ವವಿದ್ಯಾಲಯದ ಸಿ. ನಾಮಶಿವಾಯಂ ಅವರ ಹೆಸರನ್ನು ಹೇಳಬೇಕು. ಅವರೂ ಅವರ ವಿದ್ಯಾರ್ಥಿಗಳೂ 1992ರಲ್ಲಿ ಬಾಳೆಯ ದಿಂಡನ್ನೂ, ಮುಂದೆ ಕಿತ್ತಳೆಯ ಸಿಪ್ಪೆಯನ್ನೂ, 2002ರ ಸುಮಾರಿಗೆ ತೆಂಗಿನ ನಾರಿನ ಪುಡಿಯನ್ನು ಸುಟ್ಟ ಕರಿಯನ್ನೂ ಒಂದಾದಮೇಲೊಂದರಂತೆ ಪರೀಕ್ಷಿಸಿದರು. 2007ರಲ್ಲಿ ಕಡಲೆಕಾಯಿಯ ಸಿಪ್ಪೆಯ ಇದ್ದಲಿನಿಂದ ಮಾಲಕೈಟ್ ಹಸಿರನ್ನು ತೆಗೆದ ಪ್ರಯೋಗದ ವರದಿಯೂ ನಮ್ಮ ದೇಶದಿಂದಲೇ ಬಂದಿತು.

ಪ್ರಯೋಗದ ಕ್ರಮ ಸರಳ. ಹೊಟ್ಟನ್ನು ತೊಳೆದು ಒಣಗಿಸಿ ಕುಟ್ಟಿ ಜರಡಿ ಹಿಡಿಯುತ್ತಾರೆ. ಗೊತ್ತಾದಷ್ಟು ಬಣ್ಣವನ್ನು ಕರಗಿಸಿದ ನೀರಿಗೆ ಗೊತ್ತಾದಷ್ಟು ಪುಡಿಯನ್ನು ಹಾಕಿ ಕುಲುಕುತ್ತಾರೆ. ಸೋಸಿದ ನೀರಿನ ಮೂಲಕ ಬೆಳಕನ್ನು ಹಾಯಿಸಿ ಎಷ್ಟು ಬಣ್ಣ ಉಳಿಯಿತೆಂದು ಅಳೆಯುತ್ತಾರೆ. ಶಾಲೆಯ ವಿಜ್ಞಾನದ ಕೋಣೆಯಲ್ಲಿ ಜೀವಕೋಶಗಳು ಚೆನ್ನಾಗಿ ಕಾಣಲೆಂದು ಬಳಸುವ ಮೆಥಿಲೀನ್ ನೀಲಿಯೇ ಇಂಥ ಪರೀಕ್ಷೆಗಳಲ್ಲಿ ಬಹುಕಾಲದಿಂದ ಒರೆಗಲ್ಲು. ಇದರ ಅಣುವಿನ ಮೇಲೆ ಧನ ವಿದ್ಯುದಂಶವಿದೆ. ಹೊಟ್ಟು, ನಾರು, ಸಿಪ್ಪೆಗಳ ಮೈಮೇಲೆ ಸಾಮಾನ್ಯವಾಗಿ ಋಣ ವಿದ್ಯುದಂಶವಿರುತ್ತದೆ. ಒಂದಕ್ಕೊಂದು ಆಕರ್ಷಣೆಯಾಗಿ ಬಣ್ಣವು ಹೊಟ್ಟಿಗೆ ಅಂಟುತ್ತದೆ. ಗಾಜಿನ ಪಾತ್ರೆಯ ನೀಲಿ ನೀರು ನೋಡನೋಡುತ್ತಲೇ ತಿಳಿಯಾಗುತ್ತದೆ. ರೇಷ್ಮೆಗೆ ಹಾಕುವ ಆಮ್ಲವರ್ಗದ ಬಣ್ಣಗಳಿಗೂ, ಹತ್ತಿಗೆ ಬೆಸೆಯುವ ಹೊಸ ಬಣ್ಣಗಳಿಗೂ ಇರುವುದು ಋಣ ವಿದ್ಯುದಂಶ. ಅವು ಹಸಿ ಹೊಟ್ಟಿನಿಂದ ದೂರ ಸರಿಯುತ್ತವೆ. ಅವನ್ನು ಹಿಡಿಯಬೇಕಾದರೆ ನೀರಿಗೆ ಹುಳಿಯ ಗುಣ ಕೊಡಬೇಕು, ಇಲ್ಲವೆ ಹೊಟ್ಟನ್ನು ಸುಟ್ಟು ಕರಿಮಾಡಬೇಕು, ಇಲ್ಲವೆ ಬೇರೆ ರಾಸಾಯನಿಕ ಸಂಸ್ಕಾರ ಕೊಡಬೇಕು. ಇಳಕಲ್ಲಿಗಾಗಲಿ ಮೊಳಕಾಲ್ಮೂರಿಗಾಗಲಿ ಬೇಕಾದ ಹೊಟ್ಟು ಯಾವುದೆಂದು ಕೇಳುವ ಮೊದಲು ಅಲ್ಲಿ ಹಾಕುವ ಬಣ್ಣ ಯಾವ ವರ್ಗದ್ದೆಂದು ಕೇಳಬೇಕೆಂಬುದು ಇದರಿಂದ ತಿಳಿಯುತ್ತದೆ.

ಪದಾರ್ಥಕ್ಕೆ ಕರ್ನಾಟಕದಲ್ಲಿ ಕೊರತೆಯಿಲ್ಲ. ಭತ್ತದ ತೂಕದಲ್ಲಿ ಐದರಲ್ಲಿ ಒಂದು ಪಾಲು ಹೊಟ್ಟೇ. ಗಂಗಾವತಿಯ ಅಕ್ಕಿ ಗಿರಣಿಗಳ ಹಿಂದೆ ಅದರ ರಾಶಿಯನ್ನು ನೋಡಬಹುದು. ತಿಪಟೂರು, ಅರಸೀಕೆರೆಗಳ ಕಡೆ ತೆಂಗಿನ ನಾರು ಬಿಡಿಸಿದ ಮೇಲೆ ಉಳಿಯುವ ಪುಡಿ, ಮಲೆನಾಡಿನಲ್ಲಿ ಅಡಿಕೆಯ ಸಿಪ್ಪೆ, ಕೊಡಗು ಚಿಕ್ಕಮಗಳೂರುಗಳಲ್ಲಿ ಕಾಫಿಯ ಸಿಪ್ಪೆ, ಮಂಡ್ಯದಲ್ಲಿ ಕಬ್ಬಿನ ಸಿಪ್ಪೆ. ಇವೆಲ್ಲವೂ ನಿರುಪಯೋಗವಾಗಿ ಬಿದ್ದಿವೆಯೆಂದು ತಿಳಿಯುವುದು ಪಟ್ಟಣಿಗರ ಭ್ರಮೆ. ಹೊಟ್ಟು ಗಿರಣಿಯ ಒಲೆಗೆ, ಇಟ್ಟಿಗೆಯ ಗೂಡಿಗೆ ಹೋಗುತ್ತದೆ. ಕಬ್ಬಿನ ಸಿಪ್ಪೆ ಸಕ್ಕರೆ ಕಾರ್ಖಾನೆಯ ಕುದಿಪಾತ್ರೆಯನ್ನು ಕಾಯಿಸುತ್ತದೆ. ನಾರಿನ ಪುಡಿ ಸಸ್ಯಗಳ ಕುಂಡಗಳನ್ನು ಸೇರುತ್ತದೆ. ಹಳ್ಳಿಯಲ್ಲಿ ಕಸವೆಂಬುದು ಬಹಳ ಕಡಿಮೆ. ಇನ್ನೂ ಉಪಯೋಗ ಕಾಣದ ಪದಾರ್ಥವಷ್ಟೇ ಇರುವುದು. ಹೊಸ ಉಪಯೋಗವು ಹಳೆಯ ಉಪಯೋಗದೊಡನೆ ಬೆಲೆಯಲ್ಲಿ ಸೆಣಸಬೇಕಾಗುತ್ತದೆ.

ಅಂತೂ ಐವತ್ತು ವರ್ಷದ ಪ್ರಯೋಗ, ಲೆಕ್ಕಕ್ಕೆ ಸಿಗದಷ್ಟು ಪ್ರಬಂಧಗಳು. ಆದರೂ ಹೊಟ್ಟಿನಿಂದ ಬಣ್ಣದ ನೀರನ್ನು ಶುದ್ಧಿಮಾಡುವ ಕಾರ್ಖಾನೆಗಳು ನಮ್ಮ ಊರುಗಳಲ್ಲಿ ಏಕೆ ಕಣ್ಣಿಗೆ ಬೀಳುವುದಿಲ್ಲ? ಇದಕ್ಕೆ ಉತ್ತರವನ್ನು ನಾಮಶಿವಾಯಂ ಅವರು ಕೆಲಸ ಮಾಡಿದ ಸೀಮೆಯಲ್ಲಿಯೇ ಹುಡುಕಬಹುದು. ಕೊಯಮತ್ತೂರು ನಗರ ನೊಯ್ಯಲ್ ನದಿಯ ದಡದ ಮೇಲಿದೆ. ಕಾವೇರಿಯನ್ನು ಸೇರುವ ಈ ನದಿಯ ಕೆಳದಂಡೆಯಲ್ಲಿ ಬನಿಯನ್ನಿನ ಪಟ್ಟಣವೆಂದು ಲೋಕಪ್ರಸಿದ್ಧವಾದ ತಿರುಪ್ಪೂರು ಇದೆ. ತಲೆಮಾರುಗಳ ಹಿಂದೆ ವಲಸೆ ಹೋಗಿ ಮನೆಮಾತಾಗಿ ಕನ್ನಡವನ್ನು ಉಳಿಸಿಕೊಂಡ ದೇವಾಂಗ ನೇಕಾರರು ಆ ಸೀಮೆಯಲ್ಲಿ ಬಹುಮಂದಿ ಇರುವುದರಿಂದ ಅದು ನಮಗೆ ತೀರ ಹೊರಗಿನ ಊರೂ ಅಲ್ಲ. 1992ರಲ್ಲಿ ಆ ನದಿಗೆ ಒರತ್ತುಪ್ಪಾಳಯಂ ಎಂಬಲ್ಲಿ ನೀರಾವರಿಗಾಗಿ ಅಣೆಕಟ್ಟು ಕಟ್ಟಿದರು. ಕೆಲವೇ ವರ್ಷಗಳಲ್ಲಿ ಅದರಲ್ಲಿ ತುಂಬಿದ್ದು ತಿರುಪ್ಪೂರಿನ ಬಣ್ಣದ ಕಾರ್ಖಾನೆಗಳ ನೀರು. ನೀರು ಬಿಡಿರೆಂದು ಜಗಳವಾಡುವ ರೈತರನ್ನು ನಾವು ಬಲ್ಲೆವು. ಈ ನೀರನ್ನು ನಿಲ್ಲಿಸಬೇಡಿರಿ, ನಮ್ಮ ಹೊಲ ಬಾವಿಗಳು ಕೆಟ್ಟವು ಎಂದು ರೈತರು ನ್ಯಾಯಾಲಯಕ್ಕೆ ಹೋದದ್ದು ಅಲ್ಲಿ. 2006ರಲ್ಲಿ ಮದರಾಸಿನ ಉಚ್ಚ ನ್ಯಾಯಾಲಯವೂ 2009ರಲ್ಲಿ ಸುಪ್ರೀಂ ಕೋರ್ಟೂ ರೈತರ ಪರವಾಗಿ ಮಾತನಾಡಿದವು. ಕಾರ್ಖಾನೆಯಿಂದ ಹನಿ ನೀರೂ ಹೊರಗೆ ಹೋಗಬಾರದೆಂಬ ನಿಯಮ ಬಂದಿತು. ಅದು ಪಾಲನೆಯಾಗದಿರಲು 2011ರ ಜನವರಿಯಲ್ಲಿ ಉಚ್ಚ ನ್ಯಾಯಾಲಯವು ನೂರಾರು ಬಣ್ಣದ ಕಾರ್ಖಾನೆಗಳನ್ನು ಮುಚ್ಚಿಸಿತು. ಸಾವಿರಾರು ಜನರ ಕೂಲಿ ನಿಂತಿತು.

ಆ ಹೊಲಗಳನ್ನು ಕೆಡಿಸಿದ್ದು ಬಣ್ಣವೊಂದೇ ಅಲ್ಲ, ಬಣ್ಣದೊಡನೆ ಬಂದ ಉಪ್ಪು. ಹೊಟ್ಟು ಬಣ್ಣವನ್ನು ಹಿಡಿಯುತ್ತದೆ, ಕರಗಿದ ಉಪ್ಪನ್ನು ಹಿಡಿಯುವುದಿಲ್ಲ. ನೀರು ಕಣ್ಣಿಗೆ ತಿಳಿಯಾಗಿ ಕಂಡರೂ ಬೇರಿಗೆ ಬೆಂಕಿಯಾಗಿರುವುದು ಸಾಧ್ಯ. ಬಣ್ಣವು ಕಾಣುವ ದೋಷ, ಉಪ್ಪು ಕಾಣದ ದೋಷ. ಕಾಣುವುದನ್ನು ತೆಗೆದು ಕಾಣದ್ದನ್ನು ಬಿಟ್ಟರೆ ಎಚ್ಚರಿಕೆಯ ಗಂಟೆಯ ನಾಲಗೆಯನ್ನು ಕಿತ್ತಂತಾಯಿತು. ಆದ್ದರಿಂದ ತಿರುಪ್ಪೂರಿನವರು ಬಹು ವೆಚ್ಚದಿಂದ ನೀರನ್ನು ಒತ್ತಡದಲ್ಲಿ ಪೊರೆಗಳ ಮೂಲಕ ಸೋಸಿ, ಉಳಿದದ್ದನ್ನು ಕಾಯಿಸಿ ಆವಿಮಾಡುವ ಏರ್ಪಾಡಿಗೆ ಹೋಗಬೇಕಾಯಿತು.

ಎರಡನೆಯ ತೊಡಕು ಇನ್ನೂ ಮುಖ್ಯವಾದದ್ದು. ಹೊಟ್ಟು ಬಣ್ಣವನ್ನು ಕೊಲ್ಲುವುದಿಲ್ಲ, ಸೆರೆಹಿಡಿಯುತ್ತದೆ. ನೀರಿನಲ್ಲಿದ್ದ ಬಣ್ಣ ಈಗ ಹೊಟ್ಟಿನಲ್ಲಿದೆ. ಆ ಬಣ್ಣ ತುಂಬಿದ ಹೊಟ್ಟನ್ನು ಏನು ಮಾಡಬೇಕು? ತಿಪ್ಪೆಗೆ ಹಾಕಿದರೆ ಮಳೆ ಬಂದಾಗ ಕೈದಿ ಬಿಡುಗಡೆಯಾಗಿ ಮತ್ತೆ ಅದೇ ಕೆರೆಗೆ ಹೋಗುತ್ತಾನೆ. ಗೊಬ್ಬರ ಮಾಡುವಂತಿಲ್ಲ, ದನಕ್ಕೆ ಹಾಕುವಂತಿಲ್ಲ. ಬೀದಿಯ ಮೂಲೆಯಲ್ಲಿ ಸುಟ್ಟರೆ ನೀರಿನ ಕೊಳೆ ಗಾಳಿಗೆ ಹೋದಂತೆ. ಹೆಚ್ಚು ಶಾಖದ ಕುಲುಮೆಯಲ್ಲಿ ಅದನ್ನು ಪೂರ್ತಿಯಾಗಿ ಸುಡುವ ಏರ್ಪಾಡು ಇದ್ದರೆ ಮಾತ್ರ ಕೆಲಸ ಮುಗಿದಂತೆ. ಪ್ರಯೋಗಶಾಲೆಯಲ್ಲಿ ಐದು ಗ್ರಾಂ ಪುಡಿಯ ಪ್ರಶ್ನೆಯಾದ್ದರಿಂದ ಈ ಮಾತು ಹಿಂದೆ ಬೀಳುತ್ತದೆ. ದಿನಕ್ಕೆ ಒಂದು ಗಾಡಿ ಹೊಟ್ಟಿನ ಪ್ರಶ್ನೆಯಾದಾಗ ಇದೇ ಮೊದಲನೆಯ ಮಾತಾಗುತ್ತದೆ. ಮೂರನೆಯದಾಗಿ, ಪ್ರಯೋಗದಲ್ಲಿ ಇರುವುದು ಶುದ್ಧ ನೀರಿನಲ್ಲಿ ಕರಗಿಸಿದ ಒಂದೇ ಬಣ್ಣ. ಕಾರ್ಖಾನೆಯ ತೊಟ್ಟಿಯಲ್ಲಿ ಹತ್ತು ಬಣ್ಣ, ಸಾಬೂನು, ಗಂಜಿ, ಉಪ್ಪು, ಸೋಡ ಎಲ್ಲವೂ ಕಲಸಿರುತ್ತವೆ. ಹೊಟ್ಟಿನ ಮೈಮೇಲಿನ ಜಾಗಕ್ಕೆ ಅವೆಲ್ಲವೂ ನುಗ್ಗುತ್ತವೆ.

ಹಾಗಾದರೆ ಈ ವಿದ್ಯೆ ವ್ಯರ್ಥವೆ? ಖಂಡಿತ ಅಲ್ಲ. ಇದಕ್ಕೆ ತಕ್ಕ ಸ್ಥಳವನ್ನು ತೋರಿಸಬೇಕು. ದೊಡ್ಡ ಯಂತ್ರಗಳನ್ನು ಕೊಳ್ಳಲಾರದ ಸಣ್ಣ ಬಣ್ಣದ ಮನೆಗಳು ನಮ್ಮ ನಾಡಿನಲ್ಲಿ ಎಷ್ಟೋ ಇವೆ. ಹತ್ತು ಮನೆಗಳ ಬಣ್ಣದ ನೀರು ಒಂದು ತೊಟ್ಟಿಗೆ ಸೇರಿ, ಆ ಬಣ್ಣಕ್ಕೆ ಹೊಂದುವ ಕರಿಯ ಪಾತಿಯ ಮೂಲಕ ಇಳಿದು, ಬಳಸಿದ ಕರಿಯನ್ನು ತಿಂಗಳಿಗೊಮ್ಮೆ ಜವಾಬ್ದಾರಿಯುಳ್ಳವರು ಬಂದು ಒಯ್ದು ಕುಲುಮೆಗೆ ಒಪ್ಪಿಸುವಂತಾದರೆ ಬಡವನ ಕೈಗೆಟುಕುವ ಮೊದಲ ಮೆಟ್ಟಿಲು ಸಿಕ್ಕೀತು. ಉಪ್ಪಿನ ಮಾತನ್ನು ಬೇರೆಯಾಗಿಯೇ ನೋಡಬೇಕು. ಇಲ್ಲಿ ಕೊರತೆಯಿರುವುದು ಹೊಟ್ಟಿಗಲ್ಲ, ಜ್ಞಾನಕ್ಕೂ ಅಲ್ಲ; ಬಣ್ಣ ತುಂಬಿದ ಹೊಟ್ಟು ಯಾರದು ಎಂಬ ಪ್ರಶ್ನೆಗೆ “ನನ್ನದು” ಎಂದು ಹೇಳುವವರಿಗೆ. 1974ರಿಂದ ನಮ್ಮಲ್ಲಿ ಜಲಮಾಲಿನ್ಯದ ಕಾಯಿದೆಯುಂಟು, ಅದನ್ನು ನಡೆಸುವ ಮಂಡಳಿಯೂ ಉಂಟು. ಕತಕದ ಹೆಸರನ್ನು ಹೇಳಿದರೆ ನೀರು ತಿಳಿಯಾಗದೆಂಬ ಮನುವಿನ ಮಾತು ಕಾಯಿದೆಗೂ ಸಲ್ಲುತ್ತದೆ, ಪ್ರಬಂಧಕ್ಕೂ ಸಲ್ಲುತ್ತದೆ.

ಈ ಮಾತು ಬೆಂಗಳೂರಿಗೆ ದೂರದ್ದಲ್ಲ. ನಮ್ಮ ನಗರವು ದಿಣ್ಣೆಯ ಮೇಲೆ ಕುಳಿತಿದೆ. ಇಲ್ಲಿ ಚೆಲ್ಲಿದ ನೀರು ಎರಡು ಕಡೆಗೆ ಇಳಿಯುತ್ತದೆ. ಮಡಿವಾಳದ ಕಡೆಯದು ಅಗರ, ಬೆಳ್ಳಂದೂರು, ವರ್ತೂರು ಕೆರೆಗಳನ್ನು ಹಾದು ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಬೆಳ್ಳಂದೂರಿನ ಕೆರೆ ನೊರೆಯುಕ್ಕಿ, 2015ರಲ್ಲಿಯೂ 2017ರಲ್ಲಿಯೂ ಬೆಂಕಿ ಹತ್ತಿ, 2017ರ ಏಪ್ರಿಲಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಸುತ್ತಲಿನ ಕಾರ್ಖಾನೆಗಳನ್ನು ಮುಚ್ಚಲು ಆಜ್ಞೆ ಮಾಡಿದ್ದನ್ನು ವಾಚಕರು ಬಲ್ಲರು. ಅಲ್ಲಿಯ ಕೇಡಿಗೆ ಮುಖ್ಯ ಕಾರಣ ನಮ್ಮ ನಿಮ್ಮ ಮನೆಗಳ ಕೊಳಚೆ ಎಂಬುದನ್ನೂ ಮರೆಯಬಾರದು. ಇನ್ನೊಂದು ಕಡೆಯ ನೀರು ವೃಷಭಾವತಿಯಾಗಿ ಬೈರಮಂಗಲದ ಕೆರೆಗೆ ಹೋಗಿ, ಅರ್ಕಾವತಿಯ ಮೂಲಕ ಕಾವೇರಿಯನ್ನು ಸೇರುತ್ತದೆ. ಬೈರಮಂಗಲದ ಸುತ್ತಿನ ರೈತರು ಪಟ್ಟಣದ ಈ ನೀರಿನಿಂದಲೇ ಬೆಳೆ ತೆಗೆಯಬೇಕಾಗಿದೆ.

ವೃಷಭಾವತಿಯು ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟುತ್ತಾಳೆಂಬುದು ನಂಬಿಕೆ. ಕಾರ್ತಿಕದ ಕಡೆಯ ಸೋಮವಾರ ಅದೇ ಬಸವಣ್ಣನ ಮುಂದೆ ಕಡಲೆಕಾಯಿ ಪರಿಷೆ ನೆರೆಯುತ್ತದೆ. ಸುತ್ತಲಿನ ಜಿಲ್ಲೆಗಳ ರೈತರು ಹೊಸ ಬೆಳೆಯನ್ನು ತಂದು ರಾಶಿ ಹಾಕುತ್ತಾರೆ. ಪರಿಷೆ ಮುಗಿದ ಮರುದಿನ ಬೀದಿಯ ತುಂಬ ಸಿಪ್ಪೆ. ಬಣ್ಣವನ್ನು ಹಿಡಿಯಬಲ್ಲ ಸಿಪ್ಪೆಯೂ ಕೊಳೆಯನ್ನು ಹೊತ್ತು ಸಾಗುವ ನದಿಯೂ ಒಂದೇ ಸನ್ನಿಧಿಯಲ್ಲಿವೆ. ಎರಡರ ನಡುವೆ ಆಗಬೇಕಾದ ಕೆಲಸವೊಂದು ಬಾಕಿ ಇದೆ. ಆ ಕೆಲಸ ಬಸವಣ್ಣನದಲ್ಲ. ಬಣ್ಣದ ಬಟ್ಟೆಯನ್ನು ಮಾಡುವವರದು, ಮಾರುವವರದು, ಉಡುವ ನಮ್ಮದು.